ಎರಡು ಬಿಲ್ಲು, ನೂರು ಚುಕ್ಕಿ

ಬೆಳಿಗ್ಗೆ ಹರಿಹರದಲ್ಲಿ ಹತ್ತನೇ ತರಗತಿಯವರಿಗೆ ಗಣಿತ, ಸಂಜೆ ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಸಂಖ್ಯಾಶಾಸ್ತ್ರ. ನಡುವೆ ಸುಮಾರು 14 ಕಿಲೋಮೀಟರ್ ಬಸ್ಸು. ಹರಿಹರದ ಗ್ರಾಫ್ ಹಾಳೆಯಲ್ಲಿ ಎರಡು ಗೆರೆಗಳು ಒಂದು ಕಡೆ ಕೂಡುತ್ತವೆ, ಅಲ್ಲೊಂದು ಸುತ್ತು ಹಾಕಿದರೆ ಅಂಕ ಬಂತು. ದಾವಣಗೆರೆಯ ಹಾಳೆಯಲ್ಲಿ ಗೆರೆಯೇ ಇಲ್ಲ, ಬರೀ ಚುಕ್ಕಿಗಳು ಚೆಲ್ಲಾಡಿರುತ್ತವೆ. ಒಂದಕ್ಕೆ ರೇಖಾತ್ಮಕ ಸಮೀಕರಣಗಳ ಜೋಡಿ ಎಂದು ಹೆಸರು, ಇನ್ನೊಂದಕ್ಕೆ ಚದುರು ನಕ್ಷೆ. ಮಕ್ಕಳ ಬಾಯಲ್ಲಿ ಸ್ಕ್ಯಾಟರ್ ಪ್ಲಾಟ್. ಇವೆರಡಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ ಪಠ್ಯಕ್ರಮ ಅವನ್ನು ಬೇರೆ ಬೇರೆ ವರ್ಷಗಳಿಗೆ, ಬೇರೆ ಬೇರೆ ವಿಷಯಗಳಿಗೆ ಹಂಚಿಬಿಟ್ಟಿದೆ. ನನ್ನ ಪ್ರಕಾರ ಎರಡೂ ಒಂದೇ ಪಾಠ. ಸಿಕ್ಕ ಮಾಹಿತಿ ಪಕ್ಕಾ ಇದ್ದಾಗ ಮಾಡುವ ಲೆಕ್ಕ ಮೊದಲನೆಯದು, ಪಕ್ಕಾ ಇಲ್ಲದಾಗ ಮಾಡುವುದು ಎರಡನೆಯದು. ಯಾವಾಗ ಯಾವುದು ಎಂದು ತಿಳಿಯುವುದೇ ಕಷ್ಟದ ಕೆಲಸ. ಅದನ್ನು ಕಲಿಸುತ್ತಾ ನನಗೆ ದಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಅಕ್ಷರ ಹಣ್ಣಲ್ಲ, ಹಣ್ಣಿನ ಬೆಲೆ

ನಾನು ಈ ಅಧ್ಯಾಯವನ್ನು ಪಠ್ಯಪುಸ್ತಕದಿಂದ ಶುರು ಮಾಡುವುದಿಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಒಂದು ಹಣ್ಣಿನ ಲೆಕ್ಕ ಇದೆ: 9 ಮಾದಲ ಮತ್ತು 7 ಬೇಲದ ಹಣ್ಣಿಗೆ ಒಟ್ಟು 107, 7 ಮಾದಲ ಮತ್ತು 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಹೊಳೆಸಾಲಿನ ಹಳ್ಳಿಗಳ ಮಕ್ಕಳಿಗೆ ಬೇಲ, ಅವರ ಮಾತಿನ ಬ್ಯಾಲದ ಹಣ್ಣು, ಗೊತ್ತು. ಮಾದಲ ಗೊತ್ತಿಲ್ಲದವರಿಗೆ ದಪ್ಪ ಸಿಪ್ಪೆಯ ದೊಡ್ಡ ನಿಂಬೆ ಎಂದರೆ ಸಾಕು.

ಬೋರ್ಡಿನ ಮೇಲೆ 9ಮಾ + 7ಬೇ = 107 ಎಂದು ಬರೆಯುತ್ತೇನೆ. ‘ಮಾ ಅಂದ್ರೆ ಏನ್ರೋ?’ ಎಂದರೆ ಇಡೀ ತರಗತಿ ‘ಮಾದಲ ಸಾರ್’ ಎನ್ನುತ್ತದೆ. ಅಲ್ಲ. ಮಾ ಎಂದರೆ ಒಂದು ಮಾದಲದ ಬೆಲೆ. ಹಣ್ಣುಗಳನ್ನು ಕೂಡಿದರೆ ಬುಟ್ಟಿ ತುಂಬುತ್ತದೆಯೇ ಹೊರತು 107 ಬರುವುದಿಲ್ಲ. ಈ ಎಡವಟ್ಟು ನಮ್ಮ ಮಕ್ಕಳಿಗಷ್ಟೇ ಸೀಮಿತವಲ್ಲ. ‘ಒಬ್ಬ ಪ್ರಾಧ್ಯಾಪಕನಿಗೆ ಆರು ವಿದ್ಯಾರ್ಥಿಗಳು’ ಎಂಬುದನ್ನು ಸಮೀಕರಣವಾಗಿ ಬರೆಯಿರಿ ಎಂದು 1980ರ ಆಸುಪಾಸಿನಲ್ಲಿ ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದಾಗ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ತಪ್ಪು ಬರೆದಿದ್ದರು, ಅವರಲ್ಲಿ ಹೆಚ್ಚಿನವರು ಗುಣಕವನ್ನು ತಿರುಗುಮುರುಗಾಗಿ ಹಾಕಿದ್ದರು. ಅಕ್ಷರವನ್ನು ಮನುಷ್ಯನ ಹೆಸರಿನಂತೆ ಓದಿದರೆ ಆಗುವುದೇ ಅದು. ಅದಕ್ಕೇ ನನ್ನ ತರಗತಿಯಲ್ಲಿ ‘ಒಂದು ಮಾದಲದ ಬೆಲೆ ಮಾ ರೂಪಾಯಿ ಆಗಿರಲಿ’ ಎಂಬ ಸಾಲು ಇಲ್ಲದ ಉತ್ತರವನ್ನು ನಾನು ಮುಂದೆ ಓದುವುದೇ ಇಲ್ಲ.

2. ಕೈ ಹಾಕುವ ಮೊದಲು ಕಣ್ಣು ಹಾಯಿಸಿ

ವರ್ಜಿಸುವ ವಿಧಾನ ಕಲಿತ ಹುಡುಗನ ಕೈಗೆ ಪೆನ್ನು ಸಿಕ್ಕರೆ ಸಾಕು, ಮೊದಲ ಸಮೀಕರಣವನ್ನು 7ರಿಂದ, ಎರಡನೆಯದನ್ನು 9ರಿಂದ ಗುಣಿಸಲು ಹೊರಡುತ್ತಾನೆ. ತಪ್ಪೇನಲ್ಲ, ಉತ್ತರ ಬರುತ್ತದೆ. ಆದರೆ ಈ ಲೆಕ್ಕದಲ್ಲಿ 9, 7 ಮತ್ತು 7, 9 ಅದಲುಬದಲಾಗಿ ಕೂತಿವೆ. ಎರಡನ್ನೂ ಕೂಡಿದರೆ ಎರಡು ಬೆಲೆಗಳ ಮೊತ್ತದ 16 ಪಟ್ಟು 208, ಮೊತ್ತ 13. ಕಳೆದರೆ ವ್ಯತ್ಯಾಸದ 2 ಪಟ್ಟು 6, ವ್ಯತ್ಯಾಸ 3. ಮಾದಲ 8, ಬೇಲ 5. ಪೆನ್ನೇ ಬೇಡ.

ಮಹಾವೀರ ಕೊಟ್ಟ ಸೂತ್ರ ಇನ್ನೂ ನೇರ. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ, ಸಣ್ಣ ಮೊತ್ತವನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ ಕಳೆಯಿರಿ: 963ರಲ್ಲಿ 707 ಹೋದರೆ 256. ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ, ಅಂದರೆ 81ರಲ್ಲಿ 49 ಕಳೆದ 32ರಿಂದ, ಭಾಗಿಸಿ. 8 ಬಂತು. ಮುಂದಿನ ತರಗತಿಗಳಲ್ಲಿ ನಿರ್ಧಾರಕ, ಕ್ರೇಮರನ ನಿಯಮ ಎಂದು ಹೇಳಿಕೊಡುವುದರ ತಿರುಳು ಇದೇ. ಮಹಾವೀರನ ಭಾಷೆ ಸಂಸ್ಕೃತ. ಕನ್ನಡದಲ್ಲೇ ಲೆಕ್ಕ ಬೇಕೆಂದರೆ ಹನ್ನೆರಡನೇ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ ಇದೆ. ಗಣಿತ ಇಂಗ್ಲಿಷ್ ಮಾಧ್ಯಮದಲ್ಲೇ ಹುಟ್ಟಿತು ಎಂದುಕೊಂಡ ಪಾಲಕರಿಗೆ ಈ ಎರಡು ಹೆಸರು ಹೇಳುವುದು ನನಗೊಂದು ಖುಷಿ.

3. ‘ಉತ್ತರ ಇಲ್ಲ’ ಎನ್ನುವುದರಲ್ಲೂ ಸುದ್ದಿ ಇದೆ

ದಾವಣಗೆರೆಯ ಪಕ್ಕದಲ್ಲೇ ಇದ್ದು ಬೆಣ್ಣೆ ದೋಸೆ ಬಿಟ್ಟು ಲೆಕ್ಕ ಮಾಡಲಾದೀತೇ? ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಒಂದು ಟೇಬಲ್ಲಿಗೆ 2 ದೋಸೆ, 3 ಚಹಾ, ಬಿಲ್ಲು 170. ಪಕ್ಕದ ಟೇಬಲ್ಲಿಗೆ 4 ದೋಸೆ, 6 ಚಹಾ, ಬಿಲ್ಲು 340. ದೋಸೆಯ ಬೆಲೆ ಎಷ್ಟು? ಅರ್ಧ ತರಗತಿ ವರ್ಜಿಸಲು ಹೋಗಿ ಸೊನ್ನೆಗೆ ಸೊನ್ನೆ ಸಮ ಎಂದು ಬರೆದು ಕಂಗಾಲಾಗುತ್ತದೆ. ಎರಡನೇ ಬಿಲ್ಲು ಮೊದಲನೆಯದರ ದುಪ್ಪಟ್ಟು, ಹೊಸದಾಗಿ ಏನನ್ನೂ ಹೇಳುತ್ತಿಲ್ಲ. ನಕ್ಷೆಯಲ್ಲಿ ಎರಡು ಗೆರೆ ಒಂದರ ಮೇಲೊಂದು ಮಲಗುತ್ತವೆ. ಸಮೀಕರಣ ಎರಡಿದ್ದರೂ ಸಂಗತಿ ಒಂದೇ.

ಈಗ ಎರಡನೇ ಬಿಲ್ಲನ್ನು 355 ಮಾಡಿ. ಸೊನ್ನೆಗೆ 15 ಸಮ! ಗೆರೆಗಳು ಸಮಾಂತರ, ಪರಿಹಾರ ಇಲ್ಲ. ಪುಸ್ತಕ ಇಲ್ಲಿಗೆ ನಿಲ್ಲುತ್ತದೆ, ನಾನು ಇಲ್ಲಿಂದ ಶುರು ಮಾಡುತ್ತೇನೆ. ಆ ಹದಿನೈದು ರೂಪಾಯಿ ಎಲ್ಲಿಂದ ಬಂತು? ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಲೆಕ್ಕದಲ್ಲಿ ಅಷ್ಟಕ್ಕಷ್ಟೇ ಇದ್ದವಳು, ‘ಪಾರ್ಸೆಲ್ ಕಟ್ಟಿಸ್ಯಾರ ಸಾರ್’ ಅಂದಳು. ಅದೇ ಸರಿ. ಸಮಾಂತರ ಗೆರೆಗಳು ನಮಗೆ ಹೇಳುವುದು ಇಷ್ಟೇ: ನೀವು ಹಿಡಿದ ಎರಡು ಚರಾಕ್ಷರಗಳ ಆಚೆ ಮೂರನೆಯದೊಂದು ಕೆಲಸ ಮಾಡುತ್ತಿದೆ, ಅಥವಾ ಯಾರೋ ಬಿಲ್ಲು ತಪ್ಪಾಗಿ ಬರೆದಿದ್ದಾರೆ. ‘ಪರಿಹಾರ ಇಲ್ಲ’ ಎಂದು ಬರೆದು ಕೈ ತೊಳೆದುಕೊಂಡರೆ ಅಂಕ ಸಿಗುತ್ತದೆ, ಪಾರ್ಸೆಲ್ಲಿನ ವಿಷಯ ಗೊತ್ತಾಗುವುದಿಲ್ಲ.

4. ಮೂರನೇ ಬಿಂದು

ಗೆರೆ ಎಳೆಯಲು ಎರಡು ಬಿಂದು ಸಾಕು. ಮೂರನೆಯದು ಸಾಕ್ಷಿಗೆ. ಮೂರೂ ಒಂದೇ ಗೆರೆಯಲ್ಲಿ ಬರದಿದ್ದರೆ ನಕ್ಷೆಗೆಂದು ಬರೆದುಕೊಂಡ ಕೋಷ್ಟಕದಲ್ಲಿ ಎಲ್ಲೋ ಲೆಕ್ಕವೋ ಚಿಹ್ನೆಯೋ ತಪ್ಪಿದೆ. ಪರೀಕ್ಷೆಯಲ್ಲಿ ಅರ್ಧ ನಿಮಿಷದ ಕೆಲಸ.

5. ಹೆಚ್ಚುಕಡಿಮೆ ಸಮಾಂತರ ಇರುವ ಗೆರೆಗಳನ್ನು ನಂಬಬೇಡಿ

ಹರಿಹರ ಒಂದು ಕಾಲಕ್ಕೆ ಲೇತ್‌ಗಳ ಊರು. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ತಯಾರಿಸುತ್ತಿದ್ದ ಲೇತ್‌ಗಳು ದೇಶದ ವರ್ಕ್‌ಶಾಪ್‌ಗಳಿಗೆಲ್ಲ ಹೋಗುತ್ತಿದ್ದವು. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅಲ್ಲಿ ದುಡಿದವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅಂಥ ಒಬ್ಬ ಅಜ್ಜ ಮೊಮ್ಮಗನ ನೋಟ್‌ಬುಕ್ ತಿರುವಿ ಹಾಕಿ ಕೇಳಿದ್ದರು: ‘ಎಲ್ಲಾ ಉತ್ತರ ಇಷ್ಟೇ ಅಂತ ಬರೀತೀರಲ್ಲ ಮೇಷ್ಟ್ರೇ, ಟಾಲರೆನ್ಸ್ ಎಷ್ಟು?’

ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬ ಈ ಪ್ರಶ್ನೆಯನ್ನು ಶಾಲೆಯ ಗಣಿತ ಕೇಳುವುದೇ ಇಲ್ಲ. ಅಜ್ಜನ ಸಲುವಾಗಿ ಒಂದು ಜೋಡಿ ಕಟ್ಟಿದೆ. 10 ಪೆನ್ನು, 9 ಪೆನ್ಸಿಲ್ಲಿಗೆ 193; 11 ಪೆನ್ನು, 10 ಪೆನ್ಸಿಲ್ಲಿಗೆ 213. ಬಿಡಿಸಿದರೆ ಪೆನ್ನು 13, ಪೆನ್ಸಿಲ್ಲು 7. ಈಗ ಅಂಗಡಿಯವರು ಚಿಲ್ಲರೆ ಇಲ್ಲವೆಂದು ಮೊದಲ ಬಿಲ್ಲನ್ನು ಒಂದೇ ಒಂದು ರೂಪಾಯಿ ಏರಿಸಿ 194 ಮಾಡಲಿ. ಪೆನ್ನು 23 ಆಗುತ್ತದೆ; ಪೆನ್ಸಿಲ್ಲು ಮೈನಸ್ 4! ಪೆನ್ಸಿಲ್ಲು ಕೊಂಡರೆ ಅಂಗಡಿಯವರೇ ನಾಲ್ಕು ರೂಪಾಯಿ ಕೊಡಬೇಕು.

ಲೆಕ್ಕ ತಪ್ಪಿಲ್ಲ. ಈ ಎರಡು ಗೆರೆಗಳ ನಡುವಿನ ಕೋನ ಅರ್ಧ ಡಿಗ್ರಿಗೂ ಕಡಿಮೆ. ಒಂದು ಕೂದಲೆಳೆ ಅಲುಗಿದರೂ ಅವು ಕೂಡುವ ಜಾಗ ಎಲ್ಲೋ ಜಾರಿಬಿಡುತ್ತದೆ. ಮಹಾವೀರನ ಗೆರೆಗಳ ನಡುವೆ 14 ಡಿಗ್ರಿಯಷ್ಟು ಕೋನವಿದೆ. ಅಲ್ಲಿ 107ನ್ನು 108 ಮಾಡಿ ನೋಡಿ: ಮಾದಲ ಸುಮಾರು 8.28, ಬೇಲ 4.78. ಅಲುಗಿತು, ಆದರೆ ಬೀಳಲಿಲ್ಲ. ಎರಡು ಸಂಗತಿ ಗೊತ್ತಿದ್ದರೆ ಸಾಲದು, ಆ ಎರಡು ಒಂದಕ್ಕೊಂದು ಸಾಕಷ್ಟು ಬೇರೆಯಾಗಿಯೂ ಇರಬೇಕು. ವರ್ಜಿಸುವ ವಿಧಾನದಲ್ಲಿ ಇದು ಕಾಣುವುದೇ ಇಲ್ಲ, ನಕ್ಷೆಯಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ‘ನಕ್ಷಾ ವಿಧಾನ ನಿಧಾನ, ಪರೀಕ್ಷೆಗಷ್ಟೇ’ ಎನ್ನುವ ಮೇಷ್ಟ್ರುಗಳ ಜೊತೆ ನನ್ನ ಜಗಳ ಇರುವುದು ಇಲ್ಲೇ.

6. ದೋಣಿ ಲೆಕ್ಕ, ಯಾವ ತಿಂಗಳು?

ಪ್ರವಾಹದ ದಿಕ್ಕಿನಲ್ಲಿ ಇಷ್ಟು ಹೊತ್ತು, ಎದುರು ದಿಕ್ಕಿನಲ್ಲಿ ಇಷ್ಟು ಹೊತ್ತು ಎಂಬ ದೋಣಿ ಲೆಕ್ಕ ಬಹಳಷ್ಟು ಪುಸ್ತಕಗಳಲ್ಲಿ ಇದೆ. ತುಂಗಭದ್ರೆಯ ದಂಡೆಯ ಮಕ್ಕಳು ಮಾತ್ರ ಕೇಳುತ್ತಾರೆ: ‘ಸಾರ್, ಬ್ಯಾಸಿಗ್ಯಾಗೋ ಮಳೆಗಾಲದಾಗೋ?’ ಏಪ್ರಿಲ್‌ನಲ್ಲಿ ಕಲ್ಲುಬಂಡೆ ಕಾಣುವ ಹೊಳೆಗೂ ಜುಲೈನ ಹೊಳೆಗೂ ಒಂದೇ ವೇಗ ಹಿಡಿಯುವುದು ಅವರಿಗೆ ತಮಾಷೆ. ಎರಡು ಪಯಣವೂ ಒಂದೇ ದಿನ ನಡೆದವು ಎಂದು ಪ್ರಶ್ನೆಯಲ್ಲಿ ಒಂದು ಮಾತು ಸೇರಿಸಿಕೊಳ್ಳಿ ಎನ್ನುತ್ತೇನೆ.

7. ಗೆರೆ ಎಳೆಯುವ ಮೊದಲು, ಎಷ್ಟು ಗುಂಪು ಇವೆ ನೋಡಿ

ಈಗ ಸಂಜೆಯ ತರಗತಿ. ಚದುರು ನಕ್ಷೆಗೆ ನಾನು ಮೊದಲು ಕೊಡುವ ಕೆಲಸ ಬಸ್ ಟಿಕೆಟ್ಟು. ಮಕ್ಕಳ ಬಳಿ ಪಾಸ್ ಇರುತ್ತದೆ, ಹಾಗಾಗಿ ಮನೆಯವರ, ಅಕ್ಕಪಕ್ಕದವರ ಟಿಕೆಟ್ ಕೂಡಿಸಿ ತರಬೇಕು. ಹರಿಹರ, ದೊಡ್ಡಬಾತಿ, ಆನಗೋಡು, ಮಲೇಬೆನ್ನೂರು, ಹೊನ್ನಾಳಿ, ಜಗಳೂರು, ರಾಣೆಬೆನ್ನೂರು, ಹೀಗೆ ಯಾವ ಊರಿನದಾದರೂ ಸರಿ. ಅಡ್ಡ ಅಕ್ಷದಲ್ಲಿ ದೂರ, ಉದ್ದ ಅಕ್ಷದಲ್ಲಿ ಕೈಯಿಂದ ಕೊಟ್ಟ ಹಣ.

ಆಟೋ ಲೆಕ್ಕದ ಹಾಗೆ, ಒಂದು ನಿಗದಿ ಮೊತ್ತದ ಮೇಲೆ ಕಿಲೋಮೀಟರಿಗೆ ಇಷ್ಟು ಎಂಬ ನೇರ ಗೆರೆ ಬರುತ್ತದೆ ಎಂದು ಎಲ್ಲರ ನಿರೀಕ್ಷೆ. ಬರುವುದು ಮೆಟ್ಟಿಲು. ಬಸ್ಸಿನವರು ಸ್ಟೇಜ್ ಲೆಕ್ಕದಲ್ಲಿ ದರ ಹಾಕುತ್ತಾರೆ. ಒಂದು ಸ್ಟೇಜಿನೊಳಗೆ ಎಲ್ಲಿ ಇಳಿದರೂ ಅಷ್ಟೇ. ಅದಕ್ಕಿಂತ ದೊಡ್ಡ ಸೋಜಿಗ ಕೆಳಗೆ, ಅಡ್ಡ ಅಕ್ಷದ ಮೇಲೆ. ಅಲ್ಲೊಂದು ಸಾಲು ಚುಕ್ಕಿಗಳು ಇರುವೆಯಂತೆ ಹೊರಟಿರುತ್ತವೆ. ದೂರ ಎಷ್ಟಾದರೂ ಇರಲಿ, ಹಣ ಸೊನ್ನೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲಿನ ಅಮ್ಮಂದಿರ, ಅಕ್ಕಂದಿರ ಶೂನ್ಯ ಟಿಕೆಟ್‌ಗಳು ಅವು.

ಕ್ಯಾಲ್ಕುಲೇಟರ್ ಹಿಡಿದವರು ಎಲ್ಲ ಚುಕ್ಕಿಗೂ ಸೇರಿಸಿ ಒಂದೇ ಗೆರೆ ಹಾಕುತ್ತಾರೆ. ಅದು ಮೆಟ್ಟಿಲಿಗೂ ಅಕ್ಷಕ್ಕೂ ನಡುವೆ ಖಾಲಿ ಜಾಗದಲ್ಲಿ ಹಾದುಹೋಗುತ್ತದೆ. ಆ ಗೆರೆ ಹೇಳುವ ದರವನ್ನು ಯಾವ ಬಸ್ಸಿನಲ್ಲೂ ಯಾರೊಬ್ಬರೂ ಕೊಟ್ಟಿಲ್ಲ! ಹಾಗಾದರೆ ಗಂಡಸರು, ಹೆಂಗಸರು ಎಂದು ಎರಡು ಬಣ್ಣ ಹಾಕಿದರಾಯಿತೇ? ಅಲ್ಲೂ ತೊಡಕು. ಕೆಲವು ಹೆಂಗಸರ ಚುಕ್ಕಿ ಮೇಲೇ ಇವೆ. ವಿಚಾರಿಸಿದರೆ ಅವರು ಹತ್ತಿದ್ದು ಖಾಸಗಿ ಬಸ್ಸು. ನಮ್ಮ ಭಾಗದಲ್ಲಿ ಖಾಸಗಿ ಬಸ್ಸುಗಳು ಬೇಕಾದಷ್ಟು ಓಡಾಡುತ್ತವೆ, ಶಕ್ತಿ ಅಲ್ಲಿ ನಡೆಯುವುದಿಲ್ಲ. ಈ ಒಂದು ಹಾಳೆಯಿಂದ ಮಕ್ಕಳು ಕಲಿಯುವಷ್ಟನ್ನು ನಾನು, ಚುಕ್ಕಿಗಳು ನೇರ ಗೆರೆಗೆ ಎಷ್ಟು ಹತ್ತಿರ ಎಂದು ಒಂದೇ ಅಂಕಿಯಲ್ಲಿ ಹೇಳುವ ಸಹಸಂಬಂಧ ಗುಣಾಂಕದ ಸೂತ್ರ ಬರೆಸಿ ಕಲಿಸಲಾರೆ.

8. ಇಳಿಜಾರಿಗೂ ಒಂದು ಮಾನ ಇದೆ

ದಾವಣಗೆರೆ ಸುತ್ತ ಮೆಕ್ಕೆಜೋಳದ ಸೀಮೆ. ಸುಗ್ಗಿಯಲ್ಲಿ ರಸ್ತೆ ಬದಿಯಲ್ಲೆಲ್ಲ ಹಳದಿ ಕಾಳು ಒಣಗುತ್ತಿರುತ್ತದೆ. ಮಾರುಕಟ್ಟೆಯಲ್ಲಿ ಮೊದಲು ಕೇಳುವುದು ‘ಹಸಿ ಎಷ್ಟೈತಿ?’ ಎಂದು. ಬೆಂಬಲ ಬೆಲೆಯ ಖರೀದಿಗೂ ತೇವಾಂಶ ಶೇ. 14 ಮೀರಬಾರದು ಎಂಬ ನಿಯಮ ಇದೆ. ರೈತರ ಮನೆಯ ಮಕ್ಕಳು ಅಪ್ಪಂದಿರ ಚೀಟಿಗಳಿಂದ ತೇವಾಂಶ ಮತ್ತು ಕ್ವಿಂಟಲ್ ದರ ಬರೆದು ತಂದು ಚುಕ್ಕಿ ಇಡುತ್ತಾರೆ. ಹಸಿ ಹೆಚ್ಚಿದಂತೆ ದರ ಇಳಿಯುತ್ತದೆ, ಚುಕ್ಕಿಗಳು ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ವಾಲುತ್ತವೆ.

‘ಋಣ ಸಹಸಂಬಂಧ’ ಎಂದು ಬರೆದು ಗೆರೆ ಹೊಡೆದುಬಿಡುವವರನ್ನು ನಾನು ಅಲ್ಲಿಗೇ ಬಿಡುವುದಿಲ್ಲ. ಇಳಿಜಾರು ಎಷ್ಟು? ಅದರ ಮಾನ ಏನು? ತೇವಾಂಶ ಶೇ. 1 ಏರಿದರೆ ಕ್ವಿಂಟಲಿಗೆ ಎಷ್ಟು ರೂಪಾಯಿ ಕಡಿಮೆ ಎಂಬುದೇ ಇಳಿಜಾರು. ಇನ್ನೆರಡು ದಿನ ಒಣಗಿಸಬೇಕೇ, ಇವತ್ತೇ ಮಾರಬೇಕೇ ಎಂದು ಅಪ್ಪ ಮನಸ್ಸಿನಲ್ಲೇ ಹಾಕುವ ಲೆಕ್ಕ ಅದು. ಒಣಗಿದಾಗ ತೂಕವೂ ಇಳಿಯುತ್ತದೆ ಎಂಬುದನ್ನು ಮಾತ್ರ ಈ ಗೆರೆ ಹೇಳುವುದಿಲ್ಲ. ಅಪ್ಪನಿಗೆ ಅದೂ ಗೊತ್ತು.

ಗೆರೆಯನ್ನು ಎಡಕ್ಕೆ ಎಳೆದು ಉದ್ದ ಅಕ್ಷ ಮುಟ್ಟಿಸಿ ‘ತೇವಾಂಶ ಸೊನ್ನೆ ಇದ್ದಾಗಿನ ದರ’ ಎಂದು ಬರೆಯುವವರೂ ಇದ್ದಾರೆ. ಸೊನ್ನೆ ತೇವಾಂಶದ ಮೆಕ್ಕೆಜೋಳವನ್ನು ಯಾವ ಮಾರುಕಟ್ಟೆಯೂ ಕಂಡಿಲ್ಲ. ಚುಕ್ಕಿಗಳು ಮುಗಿದಲ್ಲಿಗೆ ಗೆರೆಯ ಅಧಿಕಾರವೂ ಮುಗಿಯಿತು. ಇನ್ನು ಒಂಟಿ ಚುಕ್ಕಿಗಳ ವಿಷಯ: ಹಸಿ ಜಾಸ್ತಿ ಇದ್ದೂ ಒಳ್ಳೆಯ ದರ ಸಿಕ್ಕ ಚುಕ್ಕಿಯೊಂದನ್ನು ಹುಡುಗರು ರಬ್ಬರಿನಿಂದ ಅಳಿಸಲು ಹೊರಟಿದ್ದರು. ಚೀಟಿ ತರಿಸಿ ನೋಡಿದರೆ ಆ ಮಾರಾಟ ನಡೆದ ತಿಂಗಳೇ ಬೇರೆ, ಆವಕ ಕಡಿಮೆ ಇದ್ದ ಹೊತ್ತು. ಚೀಟಿ ನೋಡದೆ ಯಾವ ಚುಕ್ಕಿಯನ್ನೂ ಅಳಿಸಕೂಡದು.

9. ಅಂಕಿ ಸರಿ, ಆಕಾರ ತಪ್ಪು

ಮಳೆಗಾಲದಲ್ಲಿ ದಾವಣಗೆರೆಯ ಪತ್ರಿಕೆಗಳಲ್ಲಿ ದಿನವೂ ಓದುವ ಅಂಕಿ ಎಂದರೆ ಭದ್ರಾ ಜಲಾಶಯದ ಮಟ್ಟ. ಗರಿಷ್ಠ 186 ಅಡಿ. ಭತ್ತ ನಾಟಿ ಮಾಡುವವರಿಗೆ ಈ ಅಂಕಿ ಪರೀಕ್ಷೆಯ ಫಲಿತಾಂಶವಿದ್ದ ಹಾಗೆ. ಪಕ್ಕದಲ್ಲೇ ಸಂಗ್ರಹ ಎಷ್ಟು ಟಿಎಂಸಿ ಎಂದೂ ಇರುತ್ತದೆ. ಪೂರ್ತಿ ತುಂಬಿದರೆ 71.5. ಮಟ್ಟ ಅಡ್ಡಕ್ಕೆ, ಸಂಗ್ರಹ ಉದ್ದಕ್ಕೆ ಇಟ್ಟು ಚುಕ್ಕಿ ಹಾಕಿಸಿದರೆ ಸಹಸಂಬಂಧ ಗುಣಾಂಕ ಒಂದರ ಹತ್ತಿರ ಹೋಗುತ್ತದೆ. ಹುಡುಗರಿಗೆ ಖುಷಿಯೋ ಖುಷಿ, ನೇರ ಗೆರೆ ಎಳೆಯುತ್ತಾರೆ.

ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಡ್ಡಲಾಗಿ ನೋಡಿ ಎನ್ನುತ್ತೇನೆ. ಚುಕ್ಕಿಗಳ ಸಾಲು ಮೇಲಕ್ಕೆ ಬಾಗಿದೆ. ಕಣಿವೆ ಮೇಲೆ ಹೋದಂತೆ ಅಗಲವಾಗುತ್ತದೆ. ಕೊನೆಯ ಒಂದು ಅಡಿಯಲ್ಲಿ ನಿಲ್ಲುವ ನೀರು ತಳದ ಒಂದು ಅಡಿಗಿಂತ ಬಹಳ ಹೆಚ್ಚು. ಅದಕ್ಕೇ ಮಟ್ಟ ಅರ್ಧಕ್ಕೆ ಬಂದಾಗ ಅರ್ಧ ನೀರಿದೆ ಎಂದುಕೊಳ್ಳುವ ಹಾಗಿಲ್ಲ, ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗುಣಾಂಕದ ಬೆನ್ನು ಹತ್ತಿದವರಿಗೆ 1973ರಲ್ಲಿ ಆನ್‌ಸ್ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ಕಟ್ಟಿದ ನಾಲ್ಕು ಕೋಷ್ಟಕಗಳನ್ನು ಕೊಡುತ್ತೇನೆ. ನಾಲ್ಕರಲ್ಲೂ ಹನ್ನೊಂದು ಚುಕ್ಕಿ, ಸರಾಸರಿ ಒಂದೇ, ಗುಣಾಂಕ 0.816ರ ಹತ್ತಿರ, ಗೆರೆಯೂ ಒಂದೇ. ಚಿತ್ರ ಬರೆದರೆ ಒಂದು ಸಾಧಾರಣ ಚದುರಿಕೆ, ಒಂದು ಕಮಾನು, ಒಂದು ನೇರ ಗೆರೆಯ ಆಚೆ ಒಬ್ಬ ಒಂಟಿ, ಇನ್ನೊಂದು ಕಂಬದಂತೆ ನಿಂತ ಸಾಲು ಮತ್ತು ಅದರಿಂದ ದೂರ ಒಂದೇ ಒಂದು ಚುಕ್ಕಿ.

10. ಮಳೆ ಎಲ್ಲೋ, ಹೊಳೆ ಎಲ್ಲೋ

ಹರಿಹರದಲ್ಲಿ ಬಿದ್ದ ಮಳೆ ಮತ್ತು ಸೇತುವೆ ಮೇಲಿಂದ ಕಂಡ ಹೊಳೆಯ ಮಟ್ಟ, ಎರಡನ್ನೂ ಬರೆದು ತಂದವರ ಹಾಳೆಯಲ್ಲಿ ಚುಕ್ಕಿಗಳು ತಲೆಬುಡವಿಲ್ಲದೆ ಹರಡಿದ್ದವು. ಸಂಬಂಧವಿಲ್ಲ ಎಂದು ತೀರ್ಮಾನ. ಊರಿನವರ ಅನುಭವವೂ ಅದೇ: ಬಿಸಿಲು ಕಾಯುವಾಗ ಹೊಳೆ ತುಂಬಿ ಬರುತ್ತದೆ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ, ಹೊನ್ನಾಳಿ ದಾಟಿ ಇಲ್ಲಿಗೆ ಬರುವುದು ಶೃಂಗೇರಿ, ಆಗುಂಬೆ ಕಡೆಯ ಮಳೆಯನ್ನು ಹೊತ್ತು. ಗಾಜನೂರಿನ ತುಂಗಾ ಅಣೆಕಟ್ಟಿನ ಗೇಟು ಎತ್ತಿದರೆ ಇನ್ನೂ ಬೇಗ. ಮಲೆನಾಡಿನ ಮಳೆಯನ್ನು ಅಡ್ಡ ಅಕ್ಷಕ್ಕೆ ತಂದು, ಹಿಂದಿನ ದಿನಗಳ ಅಂಕಿಯನ್ನು ಇವತ್ತಿನ ಮಟ್ಟದ ಜೊತೆ ಜೋಡಿಸಿದಾಗ ಚುಕ್ಕಿಗಳು ಸಾಲು ಹಿಡಿದವು. ಚದುರಿದ ನಕ್ಷೆ ಕಂಡಾಗ ‘ಸಂಬಂಧವಿಲ್ಲ’ ಎನ್ನುವ ಮೊದಲು, ಸರಿಯಾದ ಅಕ್ಷ, ಸರಿಯಾದ ದಿನ ಹಿಡಿದಿದ್ದೇವೆಯೇ ಎಂದು ಕೇಳಬೇಕು.

ಇದರ ಉಲ್ಟಾ ಪ್ರಸಂಗ ಪಾಲಕರ ಸಭೆಯಲ್ಲಿ ನಡೆಯುತ್ತದೆ. ಟ್ಯೂಷನ್ ಗಂಟೆ ಹೆಚ್ಚಾದವರ ಅಂಕ ಕಡಿಮೆ ಎಂದು ನಕ್ಷೆ ತೋರಿಸಿದರೆ ‘ಹಂಗಾದ್ರ ಟ್ಯೂಷನ್ ಬಿಡಿಸ್ತೀವ್ರಿ’ ಎನ್ನುತ್ತಾರೆ. ಅಂಕ ಕಡಿಮೆ ಬಂದವರನ್ನೇ ಹೆಚ್ಚು ಟ್ಯೂಷನ್ನಿಗೆ ಕಳಿಸುವವರೂ ಅವರೇ.

11. ಒಪ್ಪದ ಚುಕ್ಕಿಗಳಿಂದ ಒಪ್ಪುವ ಎರಡು ಸಮೀಕರಣ

ಕೊನೆಗೆ ಎರಡೂ ತರಗತಿಗಳನ್ನು ಕೂಡಿಸುವ ಪಾಠ. ನಾಲ್ಕು ಚುಕ್ಕಿ ಕೊಡುತ್ತೇನೆ: (1, 2), (2, 3), (3, 5), (4, 6). ಯಾವುದೇ ಎರಡನ್ನು ಹಿಡಿದು ಗೆರೆ ಎಳೆಯಿರಿ, ಉಳಿದೆರಡೂ ಅದರ ಮೇಲೆ ಬರುವುದಿಲ್ಲ. ಹತ್ತನೇ ತರಗತಿಯ ಭಾಷೆಯಲ್ಲಿ ಇದಕ್ಕೆ ಪರಿಹಾರವೇ ಇಲ್ಲ.

1805ರಲ್ಲಿ ಲೆಜಾಂಡ್ರ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ ಇಲ್ಲಿ ಕೈ ಹಿಡಿಯುತ್ತದೆ. ಪ್ರತಿ ಚುಕ್ಕಿ ಗೆರೆಯಿಂದ ಎಷ್ಟು ತಪ್ಪಿತೋ ಅದರ ವರ್ಗಗಳ ಮೊತ್ತ ಅತಿ ಕಡಿಮೆ ಆಗುವ ಗೆರೆಯನ್ನು ಅದು ಹುಡುಕುತ್ತದೆ. ಗೆರೆಯ ಆರಂಭದ ಎತ್ತರ ‘ಅ’, ಇಳಿಜಾರು ‘ಇ’ ಆಗಿರಲಿ. ಆ ವಿಧಾನ ಕೇಳುವ ಮೊತ್ತಗಳನ್ನು ಚುಕ್ಕಿಗಳಿಂದ ಲೆಕ್ಕ ಹಾಕಿದರೆ 4ಅ + 10ಇ = 16; 10ಅ + 30ಇ = 47. ಹರಿಹರದ ಹುಡುಗ ನಿದ್ದೆಗಣ್ಣಲ್ಲಿ ಬಿಡಿಸುವ ಜೋಡಿ: ಇ 1.4, ಅ 0.5. ಸಿಕ್ಕ ಗೆರೆಯ ಮೇಲೆ ನಾಲ್ಕರಲ್ಲಿ ಒಂದು ಚುಕ್ಕಿಯೂ ಇಲ್ಲ. ಮಕ್ಕಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ‘ಒಂದಾದ್ರೂ ಮುಟ್ಟಬೇಕಲ್ಲ ಸಾರ್.’ ಚುಕ್ಕಿಗಳು ಗೆರೆಯಿಂದ ತಪ್ಪಿದ್ದನ್ನು ಕೂಡಿ ನೋಡಿ ಎನ್ನುತ್ತೇನೆ: 0.1, ಮೈನಸ್ 0.3, 0.3, ಮೈನಸ್ 0.1. ಮೊತ್ತ ಸೊನ್ನೆ. ಮೇಲೆ ಎಷ್ಟು ಎಳೆತವೋ ಕೆಳಗೆ ಅಷ್ಟೇ.

ತಪ್ಪಿದ್ದನ್ನು ವರ್ಗ ಮಾಡುವುದೇಕೆ, ಚಿಹ್ನೆ ಬಿಟ್ಟು ಹಾಗೇ ಕೂಡಬಾರದೇ ಎಂದು ಚುರುಕಾದವರು ಕೇಳುತ್ತಾರೆ. ಕೂಡಬಹುದು, ಆ ವಿಧಾನವೂ ಇದೆ. ಒಂಟಿ ಚುಕ್ಕಿಯ ಕಾಟ ಅದರಲ್ಲಿ ಕಡಿಮೆ. ವರ್ಗ ಮಾಡಿದರೆ ದೂರದ ಒಂದು ಚುಕ್ಕಿ ಇಡೀ ಗೆರೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆದರೆ ವರ್ಗ ಮಾಡಿದಾಗ ಕೊನೆಗೆ ಉಳಿಯುವುದು ಎರಡು ರೇಖಾತ್ಮಕ ಸಮೀಕರಣ, ಚುಕ್ಕಿ ನಾಲ್ಕಿದ್ದರೂ ನಾನೂರಿದ್ದರೂ ಎರಡೇ. ಚಿಹ್ನೆ ಬಿಟ್ಟು ಕೂಡುವ ವಿಧಾನದಲ್ಲಿ ಆ ಅನುಕೂಲ ಇಲ್ಲ, ಬೇರೆ ಬೇರೆ ಗೆರೆ ಹಾಕಿ ಹುಡುಕುತ್ತಾ ಹೋಗಬೇಕು. ಮೆಕ್ಕೆಜೋಳದ ಚೀಟಿಗಳಿಗೆ ಈಗ ಎರಡೂ ವಿಧಾನದಲ್ಲಿ ಗೆರೆ ಹಾಕಿಸುತ್ತೇನೆ. ಎರಡು ಗೆರೆಗಳೂ ಹತ್ತಿರ ಹತ್ತಿರ ಬಂದರೆ ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ, ದೂರ ಬಿದ್ದರೆ ಚೀಟಿಗಳ ಕಟ್ಟು ಮತ್ತೆ ಬಿಚ್ಚುತ್ತೇವೆ.